ಕೂದಲಿನ ಬಣ್ಣ ಸಾಕ್ಷಿಯಾಗಲಾರದು

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳು ಹೆತ್ತವರನ್ನು ಹೋಲುವರೆಂಬ ಅನುಭವವು ಮನುಷ್ಯಕುಲದಷ್ಟೇ ಹಳೆಯದು. ತೊಟ್ಟಿಲ ಸುತ್ತ ನೆರೆದ ಬಂಧುಗಳು ಮಗುವಿನ ಮೂಗು ಅಜ್ಜನದು, ಹಣೆ ಸೋದರತ್ತೆಯದು, ಕೂದಲು ತಾಯಿಯದು ಎಂದು ಪಾಲು ಹಂಚುವುದು ನಮ್ಮ ಮನೆಗಳಲ್ಲಿ ಇಂದಿಗೂ ಕಾಣಬರುವ ಸಂತೋಷದ ನೋಟ. ಆದರೆ ಇದೇ ಹೋಲಿಕೆಯ ಲೆಕ್ಕವು ಕೆಲವೊಮ್ಮೆ ವಿಷವಾಗಿ ಪರಿಣಮಿಸುವುದೂ ಉಂಟು. ಕಪ್ಪುಗೂದಲಿನ ದಂಪತಿಗಳಿಗೆ ಕೆಂಚುಗೂದಲಿನ ಮಗು ಹುಟ್ಟಿದರೆ, ಅಥವಾ ಮಗುವಿನ ಮೈಬಣ್ಣ ಇಬ್ಬರಿಗಿಂತಲೂ ಬೇರೆಯಾದರೆ, ಇದು ಯಾರಂತೆ ಎಂಬ ಪ್ರಶ್ನೆ ಮೆಲ್ಲನೆ ತಲೆಯೆತ್ತುತ್ತದೆ. ಆ ಪ್ರಶ್ನೆಯ ಭಾರ ಬೀಳುವುದು ಬಹುಮಟ್ಟಿಗೆ ತಾಯಿಯ ಮೇಲೆಯೇ.

ಶಾಲೆಯಲ್ಲಿ ಕಲಿತ ಅರೆವಿಜ್ಞಾನವು ಈ ಸಂಶಯವನ್ನು ಕಳೆಯುವ ಬದಲು ಅದಕ್ಕೆ ಬಲ ಕೊಡುವ ಸಂದರ್ಭಗಳೂ ಇವೆ. ಮನುಷ್ಯನ ಕೂದಲಿನ ಅಥವಾ ಕಣ್ಣಿನ ಬಣ್ಣವು ಒಂದೇ ಒಂದು ಜೋಡಿ ವಂಶವಾಹಿಗಳ ಫಲವೆಂದು ನಾಲ್ಕು ಮನೆಗಳ ಚೌಕದಲ್ಲಿ ಬರೆದು ತೋರಿಸುವ ರೂಢಿ ದೇಶದೇಶಗಳ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಪ್ಪು ಪ್ರಬಲ, ಹೊಂಬಣ್ಣ ದುರ್ಬಲ. ಆದುದರಿಂದ ಇಂಥವರಿಗೆ ಇಂಥ ಮಕ್ಕಳೇ ಹುಟ್ಟಬೇಕು, ಇಂಥವು ಹುಟ್ಟಲಾರವು ಎಂದು ವಿದ್ಯಾರ್ಥಿಯು ಬಾಯಿಪಾಠ ಮಾಡುತ್ತಾನೆ. ಈ ಚೌಕವು ಕೂದಲಿನ ಬಣ್ಣಕ್ಕೆ ಸಲ್ಲದು, ಅದನ್ನು ಪಾಠದಿಂದ ತೆಗೆಯಬೇಕು, ಬಣ್ಣವನ್ನು ನೋಡಿ ಮಗುವಿನ ತಂದೆತಾಯಿಯರನ್ನು ನಿರ್ಣಯಿಸುವುದು ಅವೈಜ್ಞಾನಿಕವೂ ಅನ್ಯಾಯವೂ ಆಗಿದೆ ಎಂಬುದು ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲು ಕೂದಲಿಗೆ ಬಣ್ಣ ಬರುವ ಬಗೆಯನ್ನು ನೋಡೋಣ. ತಲೆಯ ಒಂದೊಂದು ಕೂದಲೂ ಚರ್ಮದೊಳಗಿನ ಒಂದು ಚಿಕ್ಕ ಗುಳಿಯಿಂದ ಬೆಳೆಯುತ್ತದೆ. ಇದಕ್ಕೆ ರೋಮಕೂಪವೆಂದು ಹೆಸರು. ಅದರ ಬುಡದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ಅವುಗಳನ್ನು ವರ್ಣಕೋಶಗಳೆಂದು ಕರೆಯಬಹುದು. ಈ ಕೋಶಗಳು ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ, ಸೂಕ್ಷ್ಮ ಕಣಗಳ ರೂಪದಲ್ಲಿ ಬೆಳೆಯುತ್ತಿರುವ ಕೂದಲಿಗೆ ಒಪ್ಪಿಸುತ್ತವೆ. ಮೆಲನಿನ್‌ನಲ್ಲಿ ಎರಡು ಬಗೆ. ಯೂಮೆಲನಿನ್ ಎಂಬುದು ಕಪ್ಪು ಅಥವಾ ಕಂದು. ಫಿಯೋಮೆಲನಿನ್ ಎಂಬುದು ಕೆಂಪು ಅಥವಾ ಹಳದಿ. ಯೂಮೆಲನಿನ್ ಹೇರಳವಾಗಿದ್ದರೆ ಕೂದಲು ಕಪ್ಪು, ಕಡಿಮೆಯಾದಂತೆ ಕಂದು, ತೀರ ಕಡಿಮೆಯಾದರೆ ಹೊಂಬಣ್ಣ. ಫಿಯೋಮೆಲನಿನ್ ಮೇಲುಗೈ ಪಡೆದರೆ ಕೆಂಪು. ಎರಡೂ ಇಲ್ಲದಿದ್ದರೆ ಬಿಳುಪು. ಇಷ್ಟು ವಿವಿಧವಾದ ಛಾಯೆಗಳೆಲ್ಲ ಈ ಎರಡೇ ದ್ರವ್ಯಗಳ ಅಳತೆಯಿಂದ ಉಂಟಾಗುವುವು.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯನ್ನು ವಾಚಕರು ನೆನೆದುಕೊಳ್ಳಲಿ. ಅಲ್ಲಿ ಬಣ್ಣ ತರುವವರು, ಅರೆಯುವವರು, ಕಾಯಿಸುವವರು, ಅದ್ದುವವರು, ಒಣಗಿಸುವವರು ಬೇರೆ ಬೇರೆ. ಇವರಲ್ಲಿ ಯಾರೊಬ್ಬರ ಕೆಲಸ ಹೆಚ್ಚುಕಡಿಮೆಯಾದರೂ ಸೀರೆಯ ಬಣ್ಣ ಬದಲಾಗುವುದು. ರೋಮಕೂಪದಲ್ಲಿಯೂ ಹಾಗೆಯೇ. ಭ್ರೂಣದಲ್ಲಿ ವರ್ಣಕೋಶಗಳು ಹುಟ್ಟಬೇಕು, ಅಲ್ಲಿಂದ ಚರ್ಮಕ್ಕೆ ವಲಸೆ ಬರಬೇಕು, ಬದುಕಿ ಉಳಿಯಬೇಕು, ಕಿಣ್ವಗಳು ಕೆಲಸಮಾಡಬೇಕು, ವರ್ಣಕಣಗಳು ಹದವಾಗಿ ಬಲಿಯಬೇಕು, ಕೂದಲಿಗೆ ಸಾಗಬೇಕು. ಪ್ರತಿಯೊಂದು ಹಂತಕ್ಕೂ ಅದರದರ ವಂಶವಾಹಿಗಳುಂಟು. ಹೀಗಿರುವಾಗ ಕೂದಲಿನ ಬಣ್ಣಕ್ಕೆ ಒಂದೇ ವಂಶವಾಹಿ ಎಂದು ಹೇಳುವುದು ಸೀರೆಯ ಬಣ್ಣಕ್ಕೆ ಒಬ್ಬನೇ ಕೆಲಸಗಾರ ಕಾರಣನೆಂದು ಹೇಳಿದಂತೆಯೇ ಸರಿ.

ಹಾಗಾದರೆ ಈ ಚೌಕ ಎಲ್ಲಿಂದ ಬಂದಿತು? ಗ್ರೆಗರ್ ಮೆಂಡೆಲ್ ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ, 1866ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಪ್ರತಿ ಗುಣಕ್ಕೂ ಸಂತಾನವು ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶವನ್ನು ಪಡೆಯುವುದೆಂದೂ, ಪ್ರಬಲವಾದ ಅಂಶವು ದುರ್ಬಲವಾದುದನ್ನು ಮರೆಮಾಡುವುದೆಂದೂ, ಮರೆಯಾದುದು ಮುಂದಿನ ಪೀಳಿಗೆಯಲ್ಲಿ ಪುನಃ ತಲೆದೋರಬಲ್ಲುದೆಂದೂ ಅವನು ತೋರಿಸಿದನು. 1900ರವರೆಗೆ ಈ ಮಹತ್ಕಾರ್ಯಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ದೊರೆತ ಮೇಲೆ ಉತ್ಸಾಹಕ್ಕೆ ಕಡಿವಾಣವಿರಲಿಲ್ಲ. ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್ ಮತ್ತು ಆತನ ಪತ್ನಿ ಗರ್ಟ್ರೂಡ್ 1907ರಲ್ಲಿ ಕಣ್ಣಿನ ಬಣ್ಣವನ್ನೂ 1909ರಲ್ಲಿ ಕೂದಲಿನ ಬಣ್ಣವನ್ನೂ ಕುರಿತು ಲೇಖನಗಳನ್ನು ಬರೆದು, ಮನುಷ್ಯನ ಬಣ್ಣಗಳಿಗೂ ಬಟಾಣಿಯ ನಿಯಮವನ್ನೇ ಅನ್ವಯಿಸಿದರು. ಬಟಾಣಿಯ ಚೌಕವು ಮನುಷ್ಯನ ತಲೆಯ ಮೇಲೆ ಕುಳಿತದ್ದು ಹೀಗೆ.

ಈಗಿನ ಸಂಶೋಧನೆಗಳು ಹೇಳುವುದೇ ಬೇರೆ. ಸ್ಕಾಟ್ಲೆಂಡ್, ಐರ್ಲೆಂಡ್ ಮುಂತಾದೆಡೆ ಕಾಣುವ ಕೆಂಗೂದಲಿಗೂ ಎಂಸಿ1ಆರ್ ಎಂಬ ವಂಶವಾಹಿಗೂ ಇರುವ ಸಂಬಂಧ 1995ರಲ್ಲಿ ತಿಳಿದುಬಂದಿತು. ವರ್ಣಕೋಶದ ಹೊರಮೈಯಲ್ಲಿದ್ದು, ಕಪ್ಪು ದ್ರವ್ಯವನ್ನು ತಯಾರಿಸು ಎಂಬ ಸಂದೇಶವನ್ನು ಸ್ವೀಕರಿಸುವ ಒಂದು ಪ್ರೋಟೀನು ಈ ವಂಶವಾಹಿಯಿಂದ ಆಗುತ್ತದೆ. ಅದು ಮಂದವಾದರೆ ಕೆಂಪು ದ್ರವ್ಯ ಹೆಚ್ಚುವುದು. ಒಂದೇ ವಂಶವಾಹಿಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ ಎಂದು ಆಗ ತೋರಿದುದು ಸಹಜ. ಆದರೆ ಅದರ ಎರಡು ಮಂದ ಪ್ರತಿಗಳನ್ನು ಪಡೆದವರೆಲ್ಲರೂ ಕೆಂಗೂದಲಿನವರಲ್ಲ; ಅವರಲ್ಲಿ ಹೊಂಗೂದಲಿನವರೂ ಕಂದುಗೂದಲಿನವರೂ ಇರುವರು. 2014ರಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಕಿಂಗ್ಸ್‌ಲಿ ಮತ್ತು ಸಂಗಡಿಗರು ಉತ್ತರ ಯೂರೋಪಿನ ಹೊಂಗೂದಲಿಗೆ ಮತ್ತೊಂದು ಕಾರಣವನ್ನು ವಿವರಿಸಿದರು. ಅಲ್ಲಿ ವಂಶವಾಹಿ ಕೆಟ್ಟಿಲ್ಲ; ಅದರಿಂದ ದೂರದಲ್ಲಿರುವ ಒಂದು ಹತೋಟಿಯ ಭಾಗದಲ್ಲಿ ಒಂದೇ ಅಕ್ಷರ ಬದಲಾಗಿ, ಅದರ ಚುರುಕು ಸುಮಾರು ಐದರಲ್ಲಿ ಒಂದು ಪಾಲು ತಗ್ಗಿದೆ, ಅಷ್ಟೆ. 2018ರಲ್ಲಿ ಸುಮಾರು 3,50,000 ಬ್ರಿಟಿಷ್ ಜನರನ್ನು ಪರಿಶೀಲಿಸಿದ ಎಡಿನ್‌ಬರೋ ಸಂಶೋಧಕರು ಕೂದಲಿನ ಬಣ್ಣದೊಡನೆ ಸಂಬಂಧವುಳ್ಳ 200ಕ್ಕೂ ಹೆಚ್ಚು ವ್ಯತ್ಯಾಸಗಳನ್ನು ಗುರುತಿಸಿದರು. ನಾಲ್ಕು ಮನೆಗಳ ಚೌಕದಲ್ಲಿ ಇಷ್ಟಕ್ಕೆಲ್ಲ ಎಡೆಯೆಲ್ಲಿ?

ಚೌಕವು ಖಂಡಿತವಾಗಿ ನಿಷೇಧಿಸುವ ಸಂಗತಿ ಒಂದುಂಟು. ದುರ್ಬಲ ಗುಣವನ್ನು ತೋರುವ ಇಬ್ಬರಿಗೆ ಪ್ರಬಲ ಗುಣದ ಮಗು ಹುಟ್ಟಲಾರದು ಎಂಬುದೇ ಅದು. ಹೊಂಗೂದಲಿನ ದಂಪತಿಗಳಿಗೆ ಕಂದುಗೂದಲಿನ ಮಗುವಾದರೆ ಅಪವಾದ ಏಳುವುದು ಈ ನಿಷೇಧದ ಬಲದಿಂದಲೇ. ಆದರೆ ತಂದೆಯ ಬಣ್ಣ ತಿಳಿಯಾಗಲು ಒಂದು ವಂಶವಾಹಿಯೂ ತಾಯಿಯ ಬಣ್ಣ ತಿಳಿಯಾಗಲು ಮತ್ತೊಂದು ವಂಶವಾಹಿಯೂ ಕಾರಣವಾಗಿದ್ದರೆ, ತಂದೆಯಲ್ಲಿಲ್ಲದುದನ್ನು ತಾಯಿಯೂ ತಾಯಿಯಲ್ಲಿಲ್ಲದುದನ್ನು ತಂದೆಯೂ ಒದಗಿಸಿ, ಮಗುವಿನ ಕೂದಲು ಇಬ್ಬರಿಗಿಂತಲೂ ಕಪ್ಪಾಗಬಹುದು. ಇದು ಕೇವಲ ತರ್ಕವಲ್ಲ. ಹುಟ್ಟಿನಿಂದಲೇ ಬಣ್ಣವಿಲ್ಲದ, ಬಿಳಿಗೂದಲಿನ ದಂಪತಿಗಳಿಬ್ಬರಿಗೆ ಸಾಧಾರಣ ಬಣ್ಣದ ಮಕ್ಕಳಾದುದನ್ನು ಇಂಗ್ಲೆಂಡಿನ ನೇತ್ರವೈದ್ಯ ಟ್ರೆವರ್-ರೋಪರ್ 1952ರಲ್ಲಿಯೇ ವರದಿಮಾಡಿದನು. ಚೌಕವನ್ನು ನಂಬಿದವನು ಆ ತಾಯಿಯನ್ನು ದೂಷಿಸುತ್ತಿದ್ದನು. ಬಣ್ಣವಿಲ್ಲದಿರುವಿಕೆಗೆ ಒಂದಕ್ಕಿಂತ ಹೆಚ್ಚು ವಂಶವಾಹಿಗಳು ಕಾರಣವಾಗಬಲ್ಲವೆಂದು ಬಲ್ಲವನಿಗೆ ಅಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಹಲವು ವಂಶವಾಹಿಗಳು ಸೇರಿ ಕೆಲಸಮಾಡುವುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಸ್ವೀಡನ್ನಿನ ನಿಲ್ಸನ್-ಏಲೆ ಪ್ರಮುಖನು. ಸುಮಾರು 1909ರಲ್ಲಿ ಅವನು ಕೆಂಪು ಕಾಳಿನ ಗೋದಿಯನ್ನೂ ಬಿಳಿ ಕಾಳಿನ ಗೋದಿಯನ್ನೂ ಕೂಡಿಸಿದಾಗ, ಒಂದು ತಳಿಯಲ್ಲಿ ಎರಡನೆಯ ಪೀಳಿಗೆಯ 64 ಗಿಡಗಳಿಗೆ 63 ಕೆಂಪು, 1 ಬಿಳುಪು ಎಂಬ ಪ್ರಮಾಣ ಬಂದಿತು. ಕೆಂಪಿನಲ್ಲಿಯೂ ಕಡುಗೆಂಪಿನಿಂದ ನಸುಗೆಂಪಿನವರೆಗೆ ಹಲವು ಮೆಟ್ಟಿಲುಗಳಿದ್ದವು. ಮೂರು ಜೋಡಿ ವಂಶವಾಹಿಗಳು ಸೇರಿದರೆ ಹೀಗಾಗುವುದು.

ಈ ಲೆಕ್ಕವನ್ನು ಕೂದಲಿಗೆ ಹೊಂದಿಸಿ ನೋಡೋಣ. ಬಣ್ಣಕ್ಕೆ ಮೂರೇ ಜೋಡಿ ವಂಶವಾಹಿಗಳೆಂದು ಸದ್ಯಕ್ಕೆ ಭಾವಿಸೋಣ. ತಂದೆಗೆ ಪ್ರತಿ ಜೋಡಿಯಲ್ಲಿಯೂ ಒಂದು ಕಪ್ಪು, ಒಂದು ತಿಳಿ, ತಾಯಿಗೂ ಅಷ್ಟೆ. ಇಬ್ಬರಲ್ಲಿಯೂ ಆರರಲ್ಲಿ ಮೂರು ಕಪ್ಪಿನ ಪಾಲುಗಳಿರುವುದರಿಂದ ಇಬ್ಬರ ಬಣ್ಣವೂ ಒಂದೇ, ನಡುವಣ ಕಂದು. ಇವರ ಮಕ್ಕಳಿಗೆ ಶೂನ್ಯದಿಂದ ಆರರವರೆಗೆ ಕಪ್ಪಿನ ಪಾಲುಗಳು ಬರಬಹುದು. 64 ಸಂಭವಗಳಲ್ಲಿ ಅವು ಕ್ರಮವಾಗಿ 1, 6, 15, 20, 15, 6, 1 ಎಂದು ಹಂಚಿಹೋಗುವುವು. ತಂದೆತಾಯಿಯರ ಬಣ್ಣವನ್ನೇ ಪಡೆಯುವ ಸಂಭವಗಳು 20, ಅವರಿಗಿಂತ ಕಪ್ಪಾಗುವವು 22, ತಿಳಿಯಾಗುವವು 22. ಅಂದರೆ ಒಂದೇ ಬಣ್ಣದ ಈ ದಂಪತಿಗಳ ಮಗುವು ಅವರಂತೆಯೇ ಇರುವ ಸಂಭವ ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ! ಇಲ್ಲಿ ಬೇರೆಯಾಗಿರುವುದೇ ಸಾಮಾನ್ಯ. ವಂಶವಾಹಿಗಳು ನೂರಾರಾದಾಗ ಮೆಟ್ಟಿಲುಗಳು ಒಂದರೊಳಗೊಂದು ಕರಗಿ, ಕಡುಗಪ್ಪಿನಿಂದ ತಿಳಿಹೊನ್ನಿನವರೆಗೆ ಅಖಂಡವಾದ ಛಾಯೆಗಳ ಸಾಲು ಏರ್ಪಡುವುದು.

ಬಣ್ಣವು ನಿಜವಾಗಿಯೂ ಒಂದೇ ವಂಶವಾಹಿಯನ್ನು ಅವಲಂಬಿಸಿರುವ ಕಡೆಗಳಲ್ಲಿಯೂ ನೋಟದ ತೀರ್ಪು ಸೋಲುತ್ತದೆಂಬುದಕ್ಕೆ ಶಾಂತಸಾಗರದ ಸಾಲೊಮನ್ ದ್ವೀಪಗಳು ಸಾಕ್ಷಿ. ಅಲ್ಲಿಯ ಜನರ ಮೈಬಣ್ಣ ಕಡುಗಪ್ಪು. ಆದರೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ಹೊಂಗೂದಲು. ಬಿಸಿಲಿನಿಂದ, ಕಡಲ ಉಪ್ಪುನೀರಿನಿಂದ, ಮೀನಿನ ಆಹಾರದಿಂದ ಹೀಗಾಯಿತೆಂದು ಹೇಳಿದವರುಂಟು. ದ್ವೀಪಕ್ಕೆ ಬಂದ ಯೂರೋಪಿಯನ್ ನಾವಿಕರ ಸಂತತಿ ಇದೆಂದು ಊಹಿಸಿದವರೂ ಉಂಟು. ಈ ಕೊನೆಯ ಊಹೆಯು ಆ ದ್ವೀಪದ ಹೆಂಗಸರ ಮೇಲೆ ಹೊರಿಸಿದ ಅಪವಾದವಲ್ಲದೆ ಮತ್ತೇನು? ಷಾನ್ ಮೈಲ್ಸ್, ಕಾರ್ಲೋಸ್ ಬುಸ್ತಮಾಂತೆ ಮೊದಲಾದವರು 43 ಮಂದಿ ಹೊಂಗೂದಲಿನವರ ಮತ್ತು 42 ಮಂದಿ ಕಪ್ಪುಗೂದಲಿನವರ ವಂಶವಾಹಿಗಳನ್ನು ಹೋಲಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂಬತ್ತನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾಗಿದೆ, ಅದೇ ಕಾರಣ. ಆ ಬದಲಾವಣೆ ಯೂರೋಪಿನವರಲ್ಲಿ ಇಲ್ಲ. ಅದು ಶಾಂತಸಾಗರದ ಆ ಸೀಮೆಯಲ್ಲಿಯೇ ಹುಟ್ಟಿದ್ದು.

ಇಲ್ಲಿ ಸರಳವಾದ ಗಣಿತವೂ ತಾಳೆಯಾಗುತ್ತದೆ. ಆ ದ್ವೀಪಗಳಲ್ಲಿ ಈ ವಂಶವಾಹಿಯ 100 ಪ್ರತಿಗಳಲ್ಲಿ ಸುಮಾರು 26 ಬದಲಾದವು. ಹೊಂಗೂದಲಾಗಲು ಎರಡೂ ಪ್ರತಿಗಳು ಬದಲಾಗಿರಬೇಕು. 26ನ್ನು 26ರಿಂದ ಗುಣಿಸಿ 100ರಿಂದ ಭಾಗಿಸಿದರೆ ಸುಮಾರು 7 ಬರುವುದು. ನೂರಕ್ಕೆ ಐದರಿಂದ ಹತ್ತು ಎಂಬ ಎಣಿಕೆಗೆ ಇದು ಸರಿಹೊಂದುತ್ತದೆ. ಒಂದೇ ಪ್ರತಿಯುಳ್ಳವರು ನೂರಕ್ಕೆ ಸುಮಾರು 38. ಅವರ ಕೂದಲು ಕಪ್ಪಾಗಿಯೇ ಇರುವುದು. ಇಂಥ ಕಪ್ಪುಗೂದಲಿನವರಿಬ್ಬರಿಗೆ ಹೊಂಗೂದಲಿನ ಮಗು ಹುಟ್ಟಿದರೆ ಅದು ಇಬ್ಬರೂ ಸಮವಾಗಿ ಕೊಟ್ಟ ಬಳುವಳಿ. ಅಂಥ ಮಗು ತಂದೆಯದಲ್ಲವೆಂದು ಹೇಳುವುದು ಸತ್ಯಕ್ಕೆ ತೀರ ವಿರುದ್ಧವಾದುದು.

ಇದೇ ವಿವೇಕವನ್ನು ನಾವು ನಮ್ಮ ನಾಡಿನಲ್ಲಿ ತೋರುತ್ತಿದ್ದೇವೆಯೆ? ಕಪ್ಪುಗೂದಲಿನ ದಂಪತಿಗಳಿಗೆ ಬಿಳಿಗೂದಲಿನ, ಬಿಳಿಮೈಯ ಮಗು ಹುಟ್ಟುವುದು ಅಪರೂಪವಾದರೂ ಇಲ್ಲದಿಲ್ಲ. ವೈದ್ಯರು ಇದನ್ನು ಆಲ್ಬಿನಿಸಂ ಎನ್ನುವರು. ಗರ್ಭಿಣಿಯು ಗ್ರಹಣ ನೋಡಿದಳು, ಪಥ್ಯ ಕೆಡಿಸಿದಳು, ಶೀಲಗೆಟ್ಟಳು ಎಂದು ಜನ ಬಾಯಿಗೆ ಬಂದಂತೆ ಆಡುವುದುಂಟು. ನಿಜಾಂಶವೆಂದರೆ ಮೆಲನಿನ್ ತಯಾರಿಕೆಗೆ ಬೇಕಾದ ಯಾವುದಾದರೊಂದು ವಂಶವಾಹಿಯ ಕೆಟ್ಟ ಪ್ರತಿಯನ್ನು ತಂದೆಯೂ ತಾಯಿಯೂ ತಮಗರಿವಿಲ್ಲದೆ ಹೊತ್ತಿರುತ್ತಾರೆ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವ ಪದ್ಧತಿ ನಮ್ಮಲ್ಲಿ ಹಳೆಯವು. ಮೊದಲನೆಯ ಬಗೆಯ ಮದುವೆಯ ಮಗುವಿನಲ್ಲಿ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನ ಒಂದೇ ಪ್ರತಿಯಿಂದ ಇಳಿದುಬಂದಿರುವ ಸಂಭವ ಎಂಟರಲ್ಲಿ ಒಂದು. ಎರಡನೆಯದರಲ್ಲಿ ಹದಿನಾರರಲ್ಲಿ ಒಂದು. ಮನೆತನದಲ್ಲಿ ಮರೆಯಾಗಿದ್ದ ದುರ್ಬಲ ಗುಣವು ಇಂಥಲ್ಲಿ ಹೊರಬೀಳುವ ಸಾಧ್ಯತೆ ಹೆಚ್ಚು. ಅಪವಾದವನ್ನು ಹುಡುಕುವ ಬದಲು ಆ ಮಗುವಿನ ಕಣ್ಣುಗಳನ್ನು ವೈದ್ಯರಿಗೆ ತೋರಿಸಿ, ಬಿಸಿಲಿನಿಂದ ಅದನ್ನು ಕಾಪಾಡುವುದು ಮನೆಯವರ ಕರ್ತವ್ಯ.

ಇನ್ನೊಂದು ಮಾತು. ಬಣ್ಣವೆಲ್ಲ ವಂಶದಿಂದಲೇ ಬಂದುದೆಂದು ತಿಳಿಯಲಾಗದು. ಯೂರೋಪಿನಲ್ಲಿ ಎಳೆತನದಲ್ಲಿ ಹೊಂಗೂದಲಿದ್ದ ಮಕ್ಕಳು ಪ್ರಾಯಕ್ಕೆ ಬರುವಷ್ಟರಲ್ಲಿ ಕಂದುಗೂದಲಿನವರಾಗುವುದು ಸಾಮಾನ್ಯ. ಬಿಸಿಲೂ ಕೂದಲನ್ನು ಕೆಂಚಾಗಿಸುವುದು. ಇವೆಲ್ಲಕ್ಕಿಂತ ಗಂಭೀರವಾದುದು ಹಸಿವು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಮಕ್ಕಳಿಗೆ ಬರುತ್ತಿದ್ದ ಒಂದು ರೋಗವನ್ನು 1933ರಲ್ಲಿ ವರ್ಣಿಸಿದಳು. ಕ್ವಾಷಿಯೋರ್ಕರ್ ಎಂಬ ಈ ಅಪೌಷ್ಟಿಕತೆಯಲ್ಲಿ ಮಗುವಿನ ಕಾಲು ಊದುವುದು, ಕಪ್ಪುಗೂದಲು ತೆಳುವಾಗಿ ಕೆಂಪಡರುವುದು. ಒಳ್ಳೆಯ ಆಹಾರ ದೊರೆತರೆ ಬುಡದಿಂದ ಪುನಃ ಕಪ್ಪುಗೂದಲು ಬೆಳೆಯುವುದು. ಕೆಂಚುಗೂದಲೆಲ್ಲ ರೋಗಲಕ್ಷಣವಲ್ಲ, ಕೆಂಚಪ್ಪ, ಕೆಂಚಮ್ಮ ಎಂಬ ಹೆಸರುಗಳು ನಮ್ಮಲ್ಲಿ ಬಹುಕಾಲದಿಂದ ಇದ್ದೇ ಇವೆ. ಆದರೆ ಬಡಕಲು ಮಗುವಿನ ಕೂದಲು ಬಣ್ಣಗೆಟ್ಟಾಗ ಅದರ ತಂದೆ ಯಾರೆಂದು ಕೇಳುವವರು, ಅದರ ತಟ್ಟೆಯಲ್ಲಿ ಏನಿದೆ ಎಂದು ಮೊದಲು ಕೇಳಬೇಕು.

ಒಂದು ಗುಣಕ್ಕೆ ಒಂದು ವಂಶವಾಹಿ ಎಂಬ ಸರಳ ನಂಬಿಕೆ ಮನೆಗಳನ್ನು ಮಾತ್ರವಲ್ಲ, ರಾಷ್ಟ್ರಗಳನ್ನೂ ದಾರಿ ತಪ್ಪಿಸಿದೆ. ಕೂದಲಿನ ಬಣ್ಣದ ಬಗ್ಗೆ ಬರೆದ ಡೇವನ್‌ಪೋರ್ಟನೇ 1910ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಜನರ ವಂಶಾವಳಿಗಳನ್ನು ಕೂಡಿಡುವ ಕಛೇರಿಯನ್ನು ಸ್ಥಾಪಿಸಿದನು. ನೌಕಾಧಿಕಾರಿಗಳಲ್ಲಿ ಕಂಡ ಸಮುದ್ರದ ಮೋಹವೂ ಒಂದು ದುರ್ಬಲ ವಂಶವಾಹಿಯಿಂದ ಬಂದುದೆಂದು 1919ರಲ್ಲಿ ಬರೆದನು. ಇದನ್ನು ಓದಿ ನಗಬಹುದು. ಆದರೆ ಬುದ್ಧಿಮಾಂದ್ಯ, ಬಡತನ, ಅಪರಾಧಗಳನ್ನೂ ಇದೇ ಬಗೆಯಲ್ಲಿ ವಿವರಿಸಿ, ಅಂಥವರಿಗೆ ಸಂತಾನವಾಗದಂತೆ ಮಾಡುವ ಕಾನೂನುಗಳಿಗೆ ಆ ಕಛೇರಿಯವರು ಬೆಂಬಲವಿತ್ತುದು ನಗುವ ಸಂಗತಿಯಲ್ಲ. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಂಥ ಒಂದು ಕಾನೂನನ್ನು ಎತ್ತಿಹಿಡಿಯಿತು. ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನರು ಈ ಬಗೆಯ ಶಸ್ತ್ರಚಿಕಿತ್ಸೆಗೆ ಗುರಿಯಾದರು. ಕಛೇರಿಯು 1939ರಲ್ಲಿ ಮುಚ್ಚಿತು. ಚೌಕವು ಮಾತ್ರ ತರಗತಿಗಳಲ್ಲಿ ಉಳಿದುಕೊಂಡಿತು.

ನಮ್ಮ ಅಭಿಪ್ರಾಯಕ್ಕೆ ಆಕ್ಷೇಪಗಳು ಬರಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗೆ ನೂರಾರು ವಂಶವಾಹಿಗಳನ್ನು ಬೋಧಿಸಲು ಸಾಧ್ಯವೆ, ಸರಳವಾದುದನ್ನು ಮೊದಲು ಹೇಳಬೇಡವೆ ಎಂದು ಅಧ್ಯಾಪಕರು ಕೇಳಬಹುದು. ಸರಳವಾದುದು ಬೇಕು, ಆದರೆ ಅದು ಸತ್ಯವೂ ಆಗಿರಬೇಕು. ಮೆಂಡೆಲನ ನಿಯಮಕ್ಕೆ ಬಟಾಣಿಯೇ ಇದೆ. ಮನುಷ್ಯನಿಂದಲೇ ಉದಾಹರಣೆ ಬೇಕಾದರೆ ರಕ್ತದ ಎ, ಬಿ, ಓ ಗುಂಪುಗಳಿವೆ, ಸಾಲೊಮನ್ ದ್ವೀಪದ ಹೊಂಗೂದಲಿದೆ. ಇನ್ನು ಹಲವು ವಂಶವಾಹಿಗಳ ಪಾಠಕ್ಕೆ ಆರು ನಾಣ್ಯಗಳು ಸಾಕು. ಮೂರು ತಂದೆಯವು, ಮೂರು ತಾಯಿಯವು. ತಲೆ ಬಿದ್ದರೆ ಒಂದು ಪಾಲು ಕಪ್ಪು. ತರಗತಿಯ ಪ್ರತಿಯೊಬ್ಬರೂ ಆರನ್ನೂ ಚಿಮ್ಮಿ, ಬಂದ ಎಣಿಕೆಯನ್ನು ಹಲಗೆಯ ಮೇಲೆ ಗುರುತಿಸಲಿ. ಒಂದೇ ತಂದೆತಾಯಿಯರಿಗೆ ಎಷ್ಟು ಬಗೆಯ ಮಕ್ಕಳಾಗಬಹುದೆಂಬುದು ಒಂದು ಪಿರಿಯಡ್ಡಿನಲ್ಲಿ ಕಣ್ಣಿಗೆ ಕಟ್ಟುವುದು.

ಹಾಗಾದರೆ ಅನುವಂಶೀಯತೆಗೆ ನಿಯಮವೇ ಇಲ್ಲವೆ ಎಂದು ವಿದ್ಯಾರ್ಥಿಯು ಕೇಳಬಹುದು. ಇದೆ. ಒಂದೊಂದು ವಂಶವಾಹಿಯೂ ಮೆಂಡೆಲನ ನಿಯಮವನ್ನು ಪಾಲಿಸುವುದು. ಹಲವು ಸೇರಿದಾಗ ಅಖಂಡ ಶ್ರೇಣಿ ಏರ್ಪಡುವುದು. ಇವೆರಡಕ್ಕೂ ವಿರೋಧವಿಲ್ಲವೆಂದು ಆರ್. ಎ. ಫಿಷರ್ 1918ರಲ್ಲಿಯೇ ಗಣಿತದಿಂದ ಸಿದ್ಧಪಡಿಸಿದನು. ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ ಡಿಎನ್‌ಎಯ 24 ಸ್ಥಾನಗಳನ್ನು ಓದಿ ಕಣ್ಣಿನ ಮತ್ತು ಕೂದಲಿನ ಬಣ್ಣವನ್ನು ಊಹಿಸಲಾಗುತ್ತದೆ. ಅದೂ ಹೇಳುವುದು ಇಂಥ ಬಣ್ಣವಿರುವ ಸಂಭವ ಇಷ್ಟು ಎಂದು ಮಾತ್ರ. ಡಿಎನ್‌ಎಯನ್ನೇ ಓದಿದವರು ಸಂಭವದ ಮಾತನಾಡುವಾಗ, ತೊಟ್ಟಿಲೊಳಗೆ ಇಣುಕಿದವರು ತೀರ್ಪು ಕೊಡುವುದೆಂತು? ನ್ಯಾಯಾಲಯಕ್ಕೆ ನಿಜವಾಗಿಯೂ ನಿರ್ಣಯ ಬೇಕಾದಲ್ಲಿ, ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದ, ಹೈದರಾಬಾದಿನಲ್ಲಿ ಲಾಲ್ಜಿ ಸಿಂಗ್ ಅವರು ನಮ್ಮ ದೇಶಕ್ಕಾಗಿ ಬೆಳೆಸಿದ ಡಿಎನ್‌ಎ ಪರೀಕ್ಷೆಯುಂಟು. ಅದು ಕೂದಲಿನ ಬಣ್ಣವನ್ನು ನೋಡುವುದೇ ಇಲ್ಲ.

ಪಠ್ಯಪುಸ್ತಕಗಳನ್ನು ಬರೆಯುವವರು ಮನುಷ್ಯನ ಬಣ್ಣದ ಚೌಕವನ್ನು ಕೈಬಿಡಬೇಕು. ಅಧ್ಯಾಪಕರು ನಾಣ್ಯಗಳನ್ನು ತರಗತಿಗೆ ತರಬೇಕು. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಯಾವುದೇ ಮಗುವಿನ ಬಣ್ಣವನ್ನು ಹಿಡಿದು ಅದರ ತಾಯಿಯ ಮೇಲೆ ಮಾತು ಬಂದಾಗ, ಅಲ್ಲಿ ಜೀವವಿಜ್ಞಾನವನ್ನು ಕಲಿತವರು ಒಬ್ಬರಿದ್ದರೂ ಸುಮ್ಮನಿರಬಾರದು. ಕಪ್ಪುಗೂದಲಿನವರಿಗೆ ತಿಳಿಗೂದಲಿನ ಮಗುವೂ ತಿಳಿಗೂದಲಿನವರಿಗೆ ಕಪ್ಪುಗೂದಲಿನ ಮಗುವೂ ಹುಟ್ಟಬಹುದೆಂದು ಅವರು ವಿನಯದಿಂದ, ಆದರೆ ಸ್ಪಷ್ಟವಾಗಿ ತಿಳಿಸಬೇಕು. ಪರೀಕ್ಷೆಯಲ್ಲಿ ಬರುವ ಅಂಕಗಳಿಗಿಂತ ಆ ಒಂದು ಮಾತಿನ ಪ್ರಯೋಜನ ದೊಡ್ಡದೆಂದು ನಾವು ನಂಬಿದ್ದೇವೆ.